ಯೂನಿಯನ್ ಉಳಿದಿದ್ದು ಯಾರಿಂದ?

ಮೇ 25, 2025. ಬ್ರಸೆಲ್ಸ್‌ನ ಯೂನಿಯನ್ ಸ್ಯಾನ್-ಜಿಲ್ವಾಜ್ ಫುಟ್‌ಬಾಲ್ ತಂಡ ಗೆಂಟ್ ತಂಡವನ್ನು 3-1ರಿಂದ ಸೋಲಿಸಿ ಬೆಲ್ಜಿಯಂ ಲೀಗ್ ಗೆದ್ದಿತು. ಅದಕ್ಕೂ ಹಿಂದೆ ಗೆದ್ದಿದ್ದು 1935ರಲ್ಲಿ. ತೊಂಬತ್ತು ವರ್ಷ! ಮೊಬೈಲ್‌ನಲ್ಲಿ ಮ್ಯಾಚ್ ನೋಡುತ್ತಿದ್ದ ನನ್ನ ಕಣ್ಣು ಒದ್ದೆಯಾಯಿತು.

ಅವತ್ತಿನಿಂದ ಎಲ್ಲಿ ನೋಡಿದರೂ ಒಂದೇ ಮಾತು. ಇಂಗ್ಲೆಂಡಿನ ಉದ್ಯಮಿ ಟೋನಿ ಬ್ಲೂಮ್ 2018ರಲ್ಲಿ ಕ್ಲಬ್ ಕೊಂಡರು, ಅಂಕಿಅಂಶ ನೋಡಿ ಆಟಗಾರರನ್ನು ಆರಿಸಿದರು, ತಂಡ ಗೆದ್ದಿತು. ಇದು ಸುಳ್ಳಲ್ಲ. ಜರ್ಮನಿಯ ಮೂರನೇ ದರ್ಜೆಯಲ್ಲಿ ಆಡುತ್ತಿದ್ದ ಡೆನಿಜ್ ಉಂಡಾವ್ ಇಲ್ಲಿಗೆ ಬಂದು 2021-22ರಲ್ಲಿ ಇಡೀ ಲೀಗಿಗೇ ಜಾಸ್ತಿ ಗೋಲು ಹೊಡೆದರು. ಅಂಥವರನ್ನು ಹುಡುಕಿದ್ದು ದೊಡ್ಡ ಕೆಲಸವೇ. ಆದರೆ ಕೊಳ್ಳೋದಕ್ಕೆ ಅಲ್ಲೊಂದು ಕ್ಲಬ್ ಉಳಿದಿರಬೇಕಿತ್ತಲ್ವಾ?

1897ರಲ್ಲಿ ಹುಟ್ಟಿದ ಈ ಕ್ಲಬ್ 1935ರೊಳಗೆ ಹನ್ನೊಂದು ಸಲ ಲೀಗ್ ಗೆದ್ದಿತ್ತು. 1933ರಿಂದ 35ರವರೆಗೆ ಸತತ 60 ಪಂದ್ಯಗಳಲ್ಲಿ ಸೋಲೇ ಇಲ್ಲ. ಆಮೇಲೆ ಇಳಿಮುಖ. 1973ರಲ್ಲಿ ಮೊದಲ ದರ್ಜೆಯಿಂದ ಜಾರಿದರು, ಮೂರನೇ ದರ್ಜೆಗೂ ಇಳಿದರು. ಮತ್ತೆ ಮೇಲೆ ಬಂದಿದ್ದು 2021ರಲ್ಲಿ. ನಡುವೆ 48 ವರ್ಷ.

ಅದೇ 1973ರಲ್ಲಿ ಅವರ ಹಳೇ ಎದುರಾಳಿ ಡೇರಿಂಗ್ ಇನ್ನೊಂದು ಕ್ಲಬ್ ಜೊತೆ ಸೇರಿ ತನ್ನ ಸ್ವತಂತ್ರ ಅಸ್ತಿತ್ವವನ್ನೇ ಬಿಟ್ಟುಕೊಟ್ಟಿತು. ಬ್ರಸೆಲ್ಸ್‌ನಲ್ಲಿ ಹೀಗೆ ಕರಗಿಹೋದ ಕ್ಲಬ್‌ಗಳು ಒಂದೆರಡಲ್ಲ. ಬೆಲ್ಜಿಯಂನಲ್ಲಿ ಪ್ರತಿ ಕ್ಲಬ್ಬಿಗೂ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಕ್ಲಬ್ ದಿವಾಳಿಯಾದರೆ ಆ ಸಂಖ್ಯೆಯೂ ಹೋದ ಹಾಗೆ. ಯೂನಿಯನ್ನಿನದು 10. ಇವತ್ತಿಗೂ 10.

ಅದನ್ನು ಉಳಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. 2019ರಲ್ಲಿ ಕೆಲಸದ ಮೇಲೆ ಬ್ರಸೆಲ್ಸ್‌ಗೆ ಹೋಗಿದ್ದಾಗ ಒಂದು ಎರಡನೇ ದರ್ಜೆ ಪಂದ್ಯಕ್ಕೆ ಸುಮ್ನೆ ಹೋದೆ. ಡುಡೆನ್ ಪಾರ್ಕಿಗೆ ಅಂಟಿಕೊಂಡಿರುವ ಜೋಸೆಫ್ ಮಾರಿಯನ್ ಮೈದಾನ. ರಸ್ತೆಬದಿಯ ಗೋಡೆ 1920ರ ದಶಕದ್ದು, ಅದರ ಮೇಲೆ ಆಟಗಾರರ ಕೆತ್ತನೆ. ಒಳಗೆ ನಿಂತು ನೋಡುವ ಮೆಟ್ಟಿಲು, ಅದರ ಹಿಂದೆ ಕಾಡಿನಂಥ ಮರಗಳು. ಪಕ್ಕದಲ್ಲಿ ನಿಂತಿದ್ದ ಅಜ್ಜನ ಕೊರಳಲ್ಲಿ ಹಳದಿ-ನೀಲಿ ಶಾಲು. ತೊಳೆದೂ ತೊಳೆದೂ ಹಳದಿ ಬಿಳಿಚಿಕೊಂಡಿತ್ತು. ತಂಡ ಕೆಳಗಿಳಿದಾಗ ತಾನಿನ್ನೂ ಹುಡುಗ ಅಂದರು. ಆಮೇಲೂ ಬರೋದು ಬಿಡಲಿಲ್ಲವಂತೆ. ಯಾಕೆ ಅಂತ ಕೇಳಿದ್ದಕ್ಕೆ ವಿಚಿತ್ರವಾಗಿ ನನ್ನ ಮುಖ ನೋಡಿದರು. "ಶನಿವಾರ ಮತ್ತೆಲ್ಲಿಗೆ ಹೋಗಲಿ?"

2023ರ ಲೀಗಿನ ಕೊನೆಯ ಪಂದ್ಯದ ದಿನ ಅವರು ತುಂಬಾ ನೆನಪಾದರು. ಬ್ರೂಜ್ ವಿರುದ್ಧ 89ನೇ ನಿಮಿಷದ ತನಕ ಯೂನಿಯನ್ 1-0 ಮುಂದೆ. ಆಮೇಲೆ ಮೂರು ಗೋಲು ಬಿಟ್ಟರು, ಪ್ರಶಸ್ತಿ ಆಂಟ್‌ವರ್ಪ್ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುವರ್ಷ ಅದೇ ಆಂಟ್‌ವರ್ಪನ್ನು ಸೋಲಿಸಿ ಬೆಲ್ಜಿಯನ್ ಕಪ್ ಗೆದ್ದರು, 110 ವರ್ಷಗಳ ನಂತರ.

ಈಗ ನನಗಿರುವ ಆತಂಕ ಮೈದಾನದ್ದು. ಅಲ್ಲಿ ಹಿಡಿಸೋದು ಒಂಬತ್ತು ಸಾವಿರ ಚಿಲ್ಲರೆ ಜನ. ಯುರೋಪಿಯನ್ ಪಂದ್ಯಗಳ ನಿಯಮಕ್ಕೆ ಅದು ಸಾಲದು, ಹಾಗಾಗಿ ಆ ಪಂದ್ಯಗಳನ್ನು ಬ್ರಸೆಲ್ಸ್‌ನದೇ ಇನ್ನೊಂದು ಕ್ಲಬ್ ಆಂಡರ್ಲೆಕ್ಟ್‌ನ ಮೈದಾನವೂ ಸೇರಿ ಬೇರೆ ಮೈದಾನಗಳಲ್ಲಿ ಆಡಿದ್ದಾರೆ. ಹೊಸ ಕ್ರೀಡಾಂಗಣ ಕಟ್ಟುವ ಯೋಜನೆಯೂ ಇದೆ. ಕಟ್ಟಲಿ, ಬೇಡ ಅನ್ನೋದಿಲ್ಲ. ಆದರೆ ಅಲ್ಲೂ ನಿಂತು ನೋಡುವ ಮೆಟ್ಟಿಲು ಇರಲಿ, ಟಿಕೆಟ್ ಬೆಲೆ ಆ ಅಜ್ಜನ ಕೈಗೆ ಎಟುಕುವಂತಿರಲಿ. ಶನಿವಾರ ಅವರು ಬೇರೆ ದಾರಿ ನೋಡಿಕೊಳ್ಳುವ ಹಾಗೆ ಆಗಬಾರದು.