ನಾಲ್ಕನೇ ಬಾಗಿಲು

ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ವಿಷಯ ಇದು. ದುಡ್ಡು ಮುಗಿಯುವುದು ಸರಿಯಾಗಿ ವಾರ್ಡ್‌ರೋಬಿನ ಹತ್ತಿರ ಬಂದಾಗಲೇ. ಗೋಡೆಯಲ್ಲಿ ಗೂಡು ಬಿಟ್ಟು, ಕಡಪ ಕಲ್ಲು ಕೂರಿಸಿ, "ಬಾಗಿಲು ಆಮೇಲೆ ನೋಡಿಕೊಂಡರಾಯ್ತು" ಎಂದು ಗೃಹಪ್ರವೇಶ ಮುಗಿಸುತ್ತೇವೆ. ಚಿಕ್ಕಮಗಳೂರಿನ ನಮ್ಮ ಬೀದಿಯಲ್ಲಿ ಇಂಥ ಗೂಡಿಲ್ಲದ ಮನೆ ಕಮ್ಮಿ.

ಎಲ್ಲಕ್ಕಿಂತ ಅಗ್ಗ ಕರ್ಟನ್, ಅಲ್ವಾ? ಸ್ಪ್ರಿಂಗ್ ವೈರು, ಎರಡು ಕೊಕ್ಕೆ, ಒಂದು ಹಳೇ ಸೀರೆ. ಸಂಜೆಯೊಳಗೆ ವೈರು ನಡುವೆ ಜೋತುಬಿತ್ತು. "ಐದಡಿ ಅಗಲಕ್ಕೆ ವೈರು ತಡೆಯಲ್ಲ ಅಕ್ಕ, ಪೈಪೇ ಹಾಕಬೇಕು" ಎಂದು ಅಂಗಡಿಯ ಹುಡುಗ ಹೇಳಿದ. ವೈರು ಮಾರಿದ ಮೇಲೆ. ನಮ್ಮ ಬೆಕ್ಕು ಒಂದೇ ನೆಗೆತಕ್ಕೆ ಸೀರೆ, ಕೊಕ್ಕೆ, ಅದರ ಜೊತೆಗೊಂದು ಹಿಡಿ ಪ್ಲಾಸ್ಟರು, ಎಲ್ಲವನ್ನೂ ಕೆಳಗಿಳಿಸಿತು.

ಆಮೇಲೆ ಆಚಾರ್ರನ್ನು ಕರೆಸಿದೆವು. ಅವರು ಗೂಡಿನ ಮೇಲೆ ಟೇಪ್ ಹಿಡಿದರು, ಐದಡಿ. ಕೆಳಗೆ ಹಿಡಿದರು, ಐದಡಿ ಒಂದಿಂಚು. ರಸಮಟ್ಟ ಇಟ್ಟು ನೋಡಿದರು. ಗುಳ್ಳೆ ನಡುವೆ ನಿಲ್ಲಲೇ ಇಲ್ಲ. "ಯಾರಕ್ಕ ಗಾರೆ ಕೆಲಸ ಮಾಡಿದ್ದು?" ಎಂದರು. ಗಾರೆಯವರು ಅವತ್ತು "ಬಾಗಿಲು ಮಾಡೋರು ಸರಿ ಮಾಡ್ಕೋತಾರೆ ಬಿಡಿ" ಎಂದಿದ್ದನ್ನು ನಾನು ಹೇಳಲಿಲ್ಲ. ಸುಮ್ನೆ ಕಾಫಿ ಕೊಟ್ಟೆ.

ಎರಡೇ ಬಾಗಿಲು ಸಾಕು, ಹಿಂಜ್ ಖರ್ಚು ಉಳಿಯುತ್ತದೆ ಎಂದು ನಮ್ಮೆಜಮಾನರ ವಾದ. ಐದಡಿಗೆ ಎರಡೆಂದರೆ ಒಂದೊಂದು ಎರಡೂವರೆ ಅಡಿ. ಗೂಡಿಗೂ ಮಂಚಕ್ಕೂ ನಡುವೆ ಇರುವುದು ಎರಡಡಿ. ಬಾಗಿಲು ತೆಗೆಯಬೇಕೆಂದರೆ ದಿನಾ ಮಂಚ ಎಳೆಯಬೇಕು. ಜಾರುವ ಬಾಗಿಲು ಹಾಕಿದರೆ ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತದೆ. ಬೇಕಾದ ಚೂಡಿದಾರ್ ಯಾವಾಗಲೂ ಇನ್ನೊಂದು ಅರ್ಧದಲ್ಲಿರುತ್ತದೆ. ಕೊನೆಗೆ ನಾಲ್ಕು ಬಾಗಿಲು ಎಂದಾಯಿತು, ಒಂದೊಂದು ಹದಿನೈದು ಇಂಚು. ಹೆಚ್ಚಿನ ಒಂದಿಂಚನ್ನು ಪಟ್ಟಿ ಹೊಡೆದು ಮುಚ್ಚುವುದು.

ಲೆಕ್ಕ ಕೈಕೊಟ್ಟಿದ್ದು ಇಲ್ಲಿ. ಪ್ಲೈವುಡ್ ಶೀಟು ಎಂಟಡಿಗೆ ನಾಲ್ಕಡಿ. ನಾಲ್ಕಡಿ ಎಂದರೆ 48 ಇಂಚು. ನಮ್ಮ ಗೂಡಿನ ಆರೂವರೆ ಅಡಿ ಎತ್ತರಕ್ಕೆ ಅದರಲ್ಲಿ ಮೂರು ಬಾಗಿಲು ಸಿಗುತ್ತದೆ, ಮೂರಿಂಚು ಉಳಿಯುತ್ತದೆ. ನಾಲ್ಕನೆಯದಕ್ಕೆ ಇನ್ನೊಂದು ಇಡೀ ಶೀಟು ತರಬೇಕು! ಸನ್ಮೈಕ ಹೊರಗಡೆ ಮಾತ್ರ ಅಂಟಿಸಿ ಉಳಿಸೋಣವೆಂದರೆ, ಒಂದೇ ಕಡೆ ಅಂಟಿಸಿದ ಹಲಗೆ ಹಪ್ಪಳದ ಹಾಗೆ ಡೊಂಕಾಗುತ್ತದಂತೆ. ಒಳಗಡೆಗೂ ತೆಳುವಾದದ್ದೊಂದು ಬೇಕೇ ಬೇಕು.

"ನಾಲ್ಕನೇದಕ್ಕೆ ಸಿಲ್ವರ್ ಓಕ್ ಪಟ್ಟಿಲಿ ಚೌಕಟ್ಟು ಮಾಡಿ ಜಾಲರಿ ಹೊಡೀತೀನಿ" ಎಂದರು ಆಚಾರ್ರು. ಸಿಲ್ವರ್ ಓಕ್‌ಗೆ ನಮ್ಮಲ್ಲಿ ಬರವಿಲ್ಲ. ಕಾಫಿ ತೋಟಕ್ಕೆ ನೆರಳು, ಮೆಣಸಿನ ಬಳ್ಳಿಗೆ ಆಸರೆ, ಕಡಿದರೆ ಮರ. ಒಳ್ಳೇ ಮಾತು ಎಂದುಕೊಂಡೆ. ಕೂಲಿ ಮಾತ್ರ ಜಾಲರಿ ಬಾಗಿಲಿಗೇ ಜಾಸ್ತಿ. ಚೌಕಟ್ಟು ಕೆಲಸ ಅಲ್ವಾ ಅಕ್ಕ ಎಂದರು.

ಬಾಗಿಲು ಕೂತಿದ್ದು ಮೇ ತಿಂಗಳಲ್ಲಿ. ಮೂರು ಬೆಳ್ಳಗೆ ಮಿರಮಿರ ಹೊಳೆಯುತ್ತಿದ್ದವು. ನಾಲ್ಕನೆಯದನ್ನು ನೋಡಿ ಅತ್ತೆ "ಕೋಳಿ ಸಾಕ್ತೀರಾ?" ಎಂದು ಕೇಳಿದರು.

ಜೂನ್ ಬಂತು, ಮಳೆ ಹಿಡಿಯಿತು. ಒಂದು ವಾರ ಬಿಸಿಲಿಲ್ಲ. ಜುಲೈನಲ್ಲಿ ಬೆಳ್ಳಗಿನ ಬಾಗಿಲು ತೆಗೆದರೆ ಒಳಗಿಂದ ಮುಗ್ಗಲು ವಾಸನೆ. ಇವರ ಕಪ್ಪು ಬೆಲ್ಟಿನ ಮೇಲೆ ಬೂದುಬಣ್ಣದ ಬೂಷ್ಟು, ಬೆರಳಲ್ಲಿ ಒರೆಸಿದರೆ ಪುಡಿಪುಡಿ. ಗಾಳಿಯಾಡುವ ಜಾಲರಿ ಕಡೆ ಮಾತ್ರ ಎಲ್ಲ ಗರಿಗರಿ. ಈಗ ಅಲ್ಲಿ ಜಾಗಕ್ಕೆ ಜಗಳ. ಮಗಳ ಶೂ ಸೇರಿತು, ಬ್ಯಾಂಕ್ ಪಾಸ್‌ಬುಕ್ ಸೇರಿತು, ನನ್ನ ರೇಷ್ಮೆ ಸೀರೆಗಳನ್ನು ಪಕ್ಕಕ್ಕೆ ತಳ್ಳಿ ಅತ್ತೆಯ ಹಪ್ಪಳದ ಡಬ್ಬಿಯೂ ಬಂದು ಕೂತಿತು.

ಫೋನ್ ಮಾಡಿ ಹೇಳಿದೆ. ಆಚಾರ್ರು ಸ್ವಲ್ಪವೂ ತಡವರಿಸಲಿಲ್ಲ.

"ಉಳಿದ ಮೂರಕ್ಕೂ ಜಾಲರಿ ಹೊಡೆದುಬಿಡೋಣ ಅಕ್ಕ."

"ಪ್ಲೈವುಡ್ ಏನು ಮಾಡೋದು?"

"ಇರ್ಲಿ, ಮಂಚಕ್ಕಾಗುತ್ತೆ."