ರೇಷನ್ ಅಕ್ಕೀಲಿ ತೇಲೋದು ಪ್ಲಾಸ್ಟಿಕ್ ಅಲ್ಲ ಮಾರಾಯ್ರೆ

ಸೋಮವಾರಪೇಟೆ ಕಡೆಯ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಮೂರು ದಿನದಿಂದ ಒಂದೇ ವಿಡಿಯೋ, ರೇಷನ್ ಅಕ್ಕಿ ನೀರಿಗೆ ಹಾಕಿದ್ರೆ ಕೆಲವು ಕಾಳು ತೇಲುತ್ತೆ, ಅದು ಪ್ಲಾಸ್ಟಿಕ್ ಅಂತ. ಅಲ್ಲ. ಅದು ಸಾರವರ್ಧಿತ ಕಾಳು, ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಕಲಸಿ ಮೆಷಿನಲ್ಲಿ ಶ್ಯಾವಿಗೆ ಥರ ಒತ್ತಿ ಅಕ್ಕಿ ಆಕಾರಕ್ಕೆ ಕತ್ತರಿಸಿ, ನೂರಕ್ಕೆ ಒಂದರಂತೆ ಬೆರೆಸಿರ್ತಾರೆ. ನಾನೂ ಕಡಂಬುಟ್ಟಿಗೆ (ನಮ್ಮ ಕೊಡಗಿನ ಅಕ್ಕಿ ಕಡುಬು) ಅಂತ ನೆನೆಸಿದ ಅಕ್ಕೀಲಿ ತೇಲಿದ ಐದಾರು ಕಾಳು ಆರಿಸಿ ನೋಡ್ದೆ, ಹಿಸುಕಿದ್ರೆ ಹಿಟ್ಟಾಯ್ತು, ಬಾಣಲೇಲಿ ಸುಟ್ರೆ ಕರಕಲಾಯ್ತು, ಪ್ಲಾಸ್ಟಿಕ್ ಥರ ಕರಗ್ಲೇ ಇಲ್ಲ.

ಇದರ ಮಧ್ಯೆ ಮಾವ ಒಬ್ರು ಅಕ್ಕಿಗೆ ಅಯೋಡಿನ್ ಹನಿ ಹಾಕಿ ನೀಲಿಯಾದ್ರೆ ವಿಟಮಿನ್ ಇದೆ ಅಂದ್ರು. ಮಾವ, ಅದು ಪಿಷ್ಟ, ಯಾವ ಅಕ್ಕಿಗೆ ಹಾಕಿದ್ರೂ ನೀಲೀನೇ! ಈ ಕಾಳು ಬೆರೆಸಿದ ಅಕ್ಕೀಲಿ ಕೆಜಿಗೆ ಕಬ್ಬಿಣ 28ರಿಂದ 42.5 ಮಿಲಿಗ್ರಾಂ ಇರ್ಬೇಕು, ಬಿ12 ಅಂತೂ 0.75ರಿಂದ 1.25 ಮೈಕ್ರೋಗ್ರಾಂ ಅಷ್ಟೆ, ಅದನ್ನ ಅಡುಗೆಮನೇಲಿ ಅಳೆಯೋಕಾಗುತ್ತಾ? ಲ್ಯಾಬಲ್ಲಿ ಬಿ12 ಇದ್ರೆ ಮಾತ್ರ ಬೆಳೆಯೋ ಬ್ಯಾಕ್ಟೀರಿಯಾ ಬಿಟ್ಟು ಎಷ್ಟು ಬೆಳೀತು ಅಂತ ನೋಡೋ ವಿಧಾನಾನೂ ಇದೆ, ಕೇಳಿದ್ರೆ ನಗು ಬರುತ್ತೆ ಆದ್ರೆ ನಿಜ.

ಹಾಂ, ಕಕ್ಕಡದ (ಕೊಡಗಲ್ಲಿ ಆಟಿ ತಿಂಗಳು) ಅಡುಗೆಗೆ ಹಾಕೋ ಮದ್ದು ಸೊಪ್ಪು ಎಷ್ಟು ನೇರಳೆ ಬಣ್ಣ ಬಿಟ್ರೆ ಅಷ್ಟು ವಿಟಮಿನ್ ಅನ್ನೋದೂ ಅಷ್ಟೇ, ಬಣ್ಣದಿಂದ ಲೆಕ್ಕ ಸಿಗಲ್ಲ. ತೇಲೋ ಕಾಳು ಆರಿಸಿ ಎಸೀಬೇಡಿ, ಅನ್ನ ಬಸಿದು ಗಂಜಿ ಚೆಲ್ಲೋದೂ ಕಮ್ಮಿ ಮಾಡಿ, ಫೋಲಿಕ್ ಆಸಿಡ್ ಒಂದಿಷ್ಟು ಅದ್ರಲ್ಲೇ ಹೋಗುತ್ತೆ.