ನಾನಲ್ಲ ಸಾರ್, ನಮ್ಮ ಸಬಾರ್ಡಿನೇಟು

ಸುದ್ದಿ ನೀವೂ ಓದಿರುತ್ತೀರಿ. ಗುಂಡಿಯ ಸುದ್ದಿ. ಯಾವ ಗುಂಡಿ ಅಂತ ಕೇಳಬೇಡಿ, ಬೆಂಗಳೂರಿನಲ್ಲಿ ಗುಂಡಿಗೆ ವಿಳಾಸ ಹೇಳಬೇಕಾಗಿಲ್ಲ. ಸಾಹೇಬರು ಬೆಳಿಗ್ಗೆ ಏಳಕ್ಕೇ ನಗರ ಸಂಚಾರ ಹೊರಟರು. ಹಿಂದೆ ಕಾರುಗಳ ಸಾಲು. ಗುಂಡಿಯ ಮುಂದೆ ನಿಂತು ಬೆರಳು ಮಾಡಿ ತೋರಿಸಿದರು, ಫೋಟೋ ಆಯಿತು. ಸಂಜೆಯೊಳಗೆ ಒಬ್ಬ ಸಹಾಯಕ ಎಂಜಿನಿಯರ್ (ಎಇ) ಅಮಾನತು. ನಾವು ಆದೇಶ ಕೊಟ್ಟಿದ್ದೆವು, ಕೆಳಹಂತದವರು ಪಾಲಿಸಲಿಲ್ಲ ಅಂತ ಮರುದಿನ ಹೇಳಿಕೆ. ಗುಂಡಿ ಮಾತ್ರ ಸೇವೆಯಲ್ಲಿ ಮುಂದುವರಿದಿದೆ.

‘ಕೆಳಹಂತ’ ಅನ್ನೋದು ಪತ್ರಿಕೆಯವರು ಮಾಡಿಕೊಂಡ ಕನ್ನಡ. ಸಾಹೇಬರ ಬಾಯಲ್ಲಿ ಅದು ಸಬಾರ್ಡಿನೇಟ್. ಈ ಪದದ ಮೇಲೆ ನನಗೆ ಬಹಳ ಗೌರವ. ಲ್ಯಾಟಿನ್ ಮನೆತನದ್ದು. ‘ಸಬ್’ ಅಂದರೆ ಕೆಳಗೆ, ‘ಆರ್ಡೊ’ ಅಂದರೆ ಸಾಲು. ಸಾಲಿನಲ್ಲಿ ಕೆಳಗೆ ನಿಂತವನು. ಇಂಗ್ಲಿಷಿನವರು ಇದನ್ನು ಎರಡು ಥರ ಹೇಳುತ್ತಾರೆ. ಕೈಕೆಳಗಿನವನು ಅನ್ನುವ ಅರ್ಥ ಬಂದಾಗ ಕೊನೆಯನ್ನು ‘ನಟ್’ ಅಂತ ನುಂಗಿಬಿಡುತ್ತಾರೆ. ಕೆಳಗೆ ತಳ್ಳು ಅನ್ನುವ ಕ್ರಿಯಾಪದ ಆದಾಗ ‘ನೇಟ್’ ಅಂತ ಎಳೆಯುತ್ತಾರೆ. ತಳ್ಳಿಸಿಕೊಂಡವನ ಬಾಯಿ ಸಣ್ಣದು, ತಳ್ಳುವವನದು ದೊಡ್ಡದು. ನಾವು ಎರಡಕ್ಕೂ ‘ನೇಟ್’ ಅಂತೀವಿ. ನಮ್ಮಲ್ಲಿ ಭೇದಭಾವ ಇಲ್ಲ.

ಅಮಾನತಿಗೆ ಕಾರಣ ಯಾವಾಗಲೂ ಒಂದೇ, ಕರ್ತವ್ಯಲೋಪ. ಸ್ಕೂಲಿನಲ್ಲಿ ಲೋಪಸಂಧಿ ಓದಿದ್ದೆವಲ್ವಾ? ಊರು, ಅಲ್ಲಿ, ಎರಡೂ ಸೇರಿ ಊರಲ್ಲಿ. ನಡುವೆ ಸಿಕ್ಕಿಕೊಂಡ ಉಕಾರ ಬಿದ್ದುಹೋಗುತ್ತದೆ, ಅಕ್ಕಪಕ್ಕದವರು ಒಂದಾಗಿ ಆರಾಮಾಗಿರುತ್ತಾರೆ. ಕರ್ತವ್ಯಲೋಪವೂ ಅದೇ ಸಂಧಿ. ಆ ಕಡೆ ಸಾಹೇಬರು, ಈ ಕಡೆ ಕಂಟ್ರಾಕ್ಟರು, ನಡುವಿನ ಎಇ ಲೋಪ. ಆ ಎಇ ಮೇಲೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಅವರ ಮೇಲೆ ಕಾರ್ಯಪಾಲಕ ಎಂಜಿನಿಯರ್, ಅವರ ಮೇಲೆ ಅಧೀಕ್ಷಕ ಎಂಜಿನಿಯರ್, ಅವರ ಮೇಲೆ ಮುಖ್ಯ ಎಂಜಿನಿಯರ್. ಇಷ್ಟು ಎತ್ತರದಿಂದ ನೋಡಿದರೆ ಗುಂಡಿ ಕಾಣೋದು ಕಷ್ಟವೇ ಬಿಡಿ.

ನನ್ನದೇ ಒಂದು ಕತೆ ಹೇಳ್ತೀನಿ. ಕಚೇರಿಯ ಹೆಸರು ಬೇಡ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

ಒಂದು ದಾಖಲೆಯಲ್ಲಿ ನಮ್ಮಪ್ಪನ ಹೆಸರಿನ ಕೊನೆಯ ಒತ್ತು ಬಿದ್ದುಹೋಗಿತ್ತು. ‘ಪ್ಪ’ ಇರಬೇಕಾದ ಕಡೆ ಬರೀ ‘ಪ’. ಒತ್ತಕ್ಷರ ಅಂದರೆ ಯಾರು? ಕನ್ನಡದ ಅಪ್ಪಟ ಸಬಾರ್ಡಿನೇಟು. ತಲೆಕಟ್ಟು ಇಲ್ಲ, ಸಾಲಿನಲ್ಲಿ ಜಾಗ ಇಲ್ಲ, ಮೇಲಿನ ಅಕ್ಷರದ ಕಾಲಬುಡದಲ್ಲಿ ಮುದುಡಿ ಕೂತಿರುತ್ತದೆ. ಆದರೆ ಅದೊಂದು ಎದ್ದುಹೋದರೆ ಅಪ್ಪ ಹೋಗಿ ಅಪ ಆಗುತ್ತಾನೆ. ನಮ್ಮಪ್ಪ ಅಪ ಆಗಿ ಆಗಲೇ ಎರಡು ತಿಂಗಳಾಗಿತ್ತು.

ಕೆಳಗಿನ ಮಹಡಿಯಲ್ಲಿ ವಿಷಯ ನಿರ್ವಾಹಕರು ಇದ್ದರು. ಬೆತ್ತ ಕಿತ್ತುಹೋದ ಕುರ್ಚಿ, ತೂತಿನ ಮೇಲೆ ಮಡಚಿಟ್ಟ ಹಳೇ ಪೇಪರು. ‘ಒಂದು ಒತ್ತು ಸಾರ್, ಎರಡು ಸೆಕೆಂಡಿನ ಕೆಲಸ’ ಅಂದೆ. ಅವರು ಕನ್ನಡಕ ತೆಗೆದು ಶರ್ಟಿನ ಅಂಚಿಗೆ ಒರೆಸಿಕೊಂಡರು. ‘ಕೆಲಸ ಎರಡೇ ಸೆಕೆಂಡು. ಲಾಗಿನ್ ನಂದಲ್ವಲ್ಲ. ನಾನು ಬರೀ ಸಬಾರ್ಡಿನೇಟು ಸಾರ್, ಮೇಲೆ ಕೇಳಿ’ ಅಂದರು.

ಮೇಲೆ ಹೋದೆ. ಮೇಲಿನ ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲ್ ಹೊದಿಸಿತ್ತು. ಒದ್ದೆ ಮೈಯಲ್ಲಿ ಆಫೀಸಿಗೆ ಬರುವ ಅಧಿಕಾರಿಯನ್ನು ನಾನಂತೂ ಕಂಡಿಲ್ಲ, ಆದರೂ ಟವೆಲ್ ಇರಲೇಬೇಕು. ಟವೆಲ್ ಇದ್ದರೆ ಅಧಿಕಾರಿ, ಇಲ್ಲದಿದ್ದರೆ ಸಿಬ್ಬಂದಿ. ಮೇಡಂ ಕಾಲಿಂಗ್ ಬೆಲ್ ಒತ್ತಿದರು. ಆ ಕಚೇರಿಯಲ್ಲಿ ಒತ್ತು ಸರಿಯಾಗಿ ಬೀಳುತ್ತಿದ್ದದ್ದು ಅಲ್ಲೊಂದೇ ಕಡೆ. ‘ಕೆಳಗಿಂದ ಫೈಲೇ ಬಂದಿಲ್ಲ. ನಮ್ಮ ಸಬಾರ್ಡಿನೇಟ್ ಪುಟಪ್ ಮಾಡಬೇಕು, ಅವರನ್ನೇ ಕೇಳಿ’ ಅಂದರು.

ನೋಡಿ, ಎಂಥಾ ಪದ! ಕೆಳಗಿನವರ ಬಾಯಲ್ಲಿ ಅದು ಕಂಬಳಿ, ಹೊದ್ದು ಮಲಗಬಹುದು. ಮೇಲಿನವರ ಬಾಯಲ್ಲಿ ಮೋರಿ, ಏನು ಬೇಕಾದರೂ ಕೆಳಕ್ಕೆ ಹರಿಸಬಹುದು. ನಾನು ಮೆಟ್ಟಿಲ ಮೇಲೆ.

ಸರ್ಕಾರಿ ಕನ್ನಡದಲ್ಲಿ ಇದು ‘ಅಧೀನ’. ಸರ್ಕಾರಿ ಆದೇಶಗಳನ್ನು ನೋಡಿ, ರಾಜ್ಯಪಾಲರ ಹೆಸರಿನಲ್ಲಿ ಗಂಭೀರವಾಗಿ ಹೊರಡುತ್ತವೆ. ಕೊನೆಗೆ ಸಹಿ ಹಾಕುವವರು ಬಹಳ ಸಲ ಅಧೀನ ಕಾರ್ಯದರ್ಶಿ. ರಾಜ್ಯದ ಭಾರವೆಲ್ಲ ಒಂದು ಒತ್ತಕ್ಷರದ ಮೇಲೆ. ಇನ್ನು ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಹುಡುಗರು ವಿಜಯನಗರದ ಪೀಜಿಗಳಲ್ಲಿ ವರ್ಷಗಟ್ಟಲೆ ಓದುತ್ತಾರೆ. ಫಸ್ಟ್ ಕ್ಲಾಸ್ ಆದ ಮೇಲೂ ಸಹಾಯಕನೇ. ಗ್ರಾಮ ಲೆಕ್ಕಿಗರನ್ನು ಗ್ರಾಮ ಆಡಳಿತ ಅಧಿಕಾರಿ ಅಂತ ಮಾಡಿದರು. ಹೆಸರು ಉದ್ದವಾಯಿತು. ಆಮೇಲೆ ಅವರು ಮೊಬೈಲ್ ಆಪ್‌ಗಳ ಹೊರೆ ತಾಳಲಾರದೆ ಮುಷ್ಕರಕ್ಕೆ ಕೂತರು. ವಿಚಾರಣಾ ನ್ಯಾಯಾಲಯಗಳನ್ನು ‘ಕೆಳ ನ್ಯಾಯಾಲಯ’ ಅನ್ನಬೇಡಿ ಅಂತ ಸುಪ್ರೀಂ ಕೋರ್ಟು 2024ರ ಫೆಬ್ರವರಿಯಲ್ಲಿ ತನ್ನ ರಿಜಿಸ್ಟ್ರಿಗೇ ಹೇಳಿತು. ಒಳ್ಳೇ ಮಾತು. ಆದರೆ ಸಂವಿಧಾನ ತೆಗೆದು ನೋಡಿದರೆ 233ರಿಂದ 237ರವರೆಗಿನ ಅನುಚ್ಛೇದಗಳಿಗೆ ಇರುವ ತಲೆಬರಹವೇ ಅಧೀನ ನ್ಯಾಯಾಲಯಗಳು.

ವ್ಯಾಕರಣದಲ್ಲೂ ಇದೇ ಜಾತಿ ಪದ್ಧತಿ. ಇಂಗ್ಲಿಷಿನಲ್ಲಿ ಪ್ರಧಾನ ವಾಕ್ಯ ಸಾಮಾನ್ಯವಾಗಿ ಮುಂದೆ ನಡೆಯುತ್ತದೆ, ಅಧೀನ ವಾಕ್ಯ ಚೀಲ ಹಿಡಿದು ಹಿಂದೆ ಬರುತ್ತದೆ. ಕನ್ನಡದಲ್ಲಿ ಉಲ್ಟಾ. ‘ಗುಡಿಸಿ, ಡಾಂಬರು ಸುರಿದು, ರೋಲರ್ ಹೊಡೆದು, ಫೋಟೋ ತೆಗೆದು ಗ್ರೂಪಿಗೆ ಹಾಕಿದ ಮೇಲೆ ಸಾಹೇಬರು ಬಂದರು.’ ಕೆಲಸ ಮಾಡಿದವರೆಲ್ಲ ಮೊದಲೇ ಬಂದು ಸಾಲಾಗಿ ನಿಂತಿರುತ್ತಾರೆ, ಪ್ರಧಾನ ಕ್ರಿಯಾಪದ ಕೊನೆಗೆ ಬಂದು ರಿಬ್ಬನ್ ಕತ್ತರಿಸುತ್ತದೆ. ನಮ್ಮ ಭಾಷೆಗೆ ನಮ್ಮ ಸಮಾರಂಭಗಳ ಪರಿಚಯ ಚೆನ್ನಾಗಿಯೇ ಇದೆ.

ಕೆಳದರ್ಜೆಗೆ ಇಂಗ್ಲಿಷಿನಲ್ಲಿ ಇನ್ನೊಂದು ಪದ ಇದೆ, ಸಬಾಲ್ಟರ್ನ್. ಗುಂಡಿಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಹೇಳಿಬಿಡ್ತೀನಿ. ಬ್ರಿಟಿಷ್ ಸೇನೆಯಲ್ಲಿ ಕ್ಯಾಪ್ಟನ್‌ಗಿಂತ ಕೆಳಗಿನ ಅಧಿಕಾರಿಯನ್ನು ಹಾಗೆ ಕರೆಯುತ್ತಿದ್ದರು. ಅಂಥ ಒಬ್ಬ ಸಬಾಲ್ಟರ್ನ್ 1896ರಲ್ಲಿ ನಮ್ಮ ಬೆಂಗಳೂರಿನ ದಂಡಿಗೆ ಬಂದ. ಪೋಲೋ ಆಡಿದ, ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ, ರಾಶಿ ಪುಸ್ತಕ ಓದಿದ. ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಇಟ್ಟು ಹೊರಟುಹೋದ. 1899ರ ಜೂನ್ ತಿಂಗಳ ಪುಸ್ತಕದಲ್ಲಿ, ಬಾಕಿ ಉಳಿಸಿಕೊಂಡವರ ಪಟ್ಟಿಯಲ್ಲಿ, ಲೆಫ್ಟಿನೆಂಟ್ ಚರ್ಚಿಲ್ ಅಂತ ಹೆಸರಿದೆ. ಬೆಂಗಳೂರು ಕ್ಲಬ್ಬಿನವರು ಅದನ್ನು ಒಡವೆ ಥರ ಜೋಪಾನ ಮಾಡಿದ್ದಾರೆ. 1940ರಲ್ಲಿ ಆತ ಬ್ರಿಟನ್ನಿನ ಪ್ರಧಾನಿಯಾದ. 13 ರೂಪಾಯಿ ಹಾಗೇ ಇದೆ. ಇವತ್ತಿನ ಎಇ ಆಗಿದ್ದರೆ ಬಡ್ಡಿ ಸಮೇತ ಪಿಂಚಣಿಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ತಮಾಷೆ ಏನು ಅಂದರೆ, ಇಟಲಿಯ ಚಿಂತಕ ಗ್ರಾಮ್ಶಿ ಈ ಪದಕ್ಕೆ ಬೇರೆಯೇ ಅರ್ಥ ಕೊಟ್ಟ, ಅಧಿಕಾರ ಇಲ್ಲದ ಕೆಳಗಿನ ಜನ ಅಂತ. ಅಲ್ಲಿಂದ ಎರವಲು ತಂದು ಇತಿಹಾಸಕಾರ ರಣಜಿತ್ ಗುಹಾ ಮತ್ತು ಜೊತೆಯವರು 1982ರ ಹೊತ್ತಿಗೆ ರೈತ, ಕೂಲಿ, ಆದಿವಾಸಿಗಳ ಇತಿಹಾಸ ಬರೆಯಲು ಶುರು ಮಾಡಿದರು. ಚರ್ಚಿಲ್ ಇಳಿದ, ಅವನ ಕುದುರೆ ತಿಕ್ಕುತ್ತಿದ್ದವನು ಹತ್ತಿದ. ಒಳ್ಳೆಯದೇ ಆಯಿತು. ಈಗ ಎಸಿ ಹಾಲಿನಲ್ಲಿ ಸಬಾಲ್ಟರ್ನ್ ಬಗ್ಗೆ ವಿಚಾರ ಸಂಕಿರಣ ನಡೆಯುತ್ತದೆ. ಬಾಗಿಲ ಹತ್ತಿರ ಒಬ್ಬ ಫ್ಲಾಸ್ಕು ಹಿಡಿದು, ಇವರ ಮಾತು ಯಾವಾಗ ಮುಗಿಯುತ್ತದೋ, ಟೀ ಆರಿಹೋಗುತ್ತಲ್ಲ ಅಂತ ಕಾಯುತ್ತಿರುತ್ತಾನೆ.

ಐಟಿಯವರು ಮಾತ್ರ ಈ ಪದವನ್ನು ಪೂರ್ತಿ ಕೈಬಿಟ್ಟಿದ್ದಾರೆ. ‘ನಮ್ಮಲ್ಲಿ ಸಬಾರ್ಡಿನೇಟ್ ಅಂತ ಯಾರೂ ಇಲ್ಲ ಅಂಕಲ್, ಎಲ್ಲ ಟೀಮ್’ ಅಂತ ನಮ್ಮ ಪಕ್ಕದ ಮನೆ ಹುಡುಗ ಹೇಳುತ್ತಿದ್ದ. ಬಾಸನ್ನು ಹೆಸರು ಹಿಡಿದೇ ಕರೆಯುತ್ತಾನೆ. ಆ ಬಾಸು ರಾತ್ರಿ ಹನ್ನೊಂದಕ್ಕೆ ಹೆಸರು ಹಿಡಿದೇ ಇವನನ್ನೂ ಕರೆಯುತ್ತಾನೆ. ಊಟ ತಂದುಕೊಡುವ ಹುಡುಗನಂತೂ ‘ಪಾರ್ಟ್ನರ್’. ಪಾಲುದಾರ! ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಪಾಲುದಾರರಿಗೆ ಬೇರೆ ಲಿಫ್ಟ್ ಇದೆ, ಕಸದ ಡಬ್ಬ ಇಳಿಯುವುದೂ ಅದರಲ್ಲೇ.

ಮೇಲಿನವರನ್ನು ಯಾವತ್ತೂ ಮುಟ್ಟುವುದಿಲ್ಲ ಅಂತ ಹೇಳಲಾರೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನ ನಗರದ ಪೊಲೀಸ್ ಕಮಿಷನರ್ ಸೇರಿ ಐದು ಪೊಲೀಸ್ ಅಧಿಕಾರಿಗಳು ಅಮಾನತು. ಅವತ್ತು ಊರಿಗೆಲ್ಲ ಗೊತ್ತಾಯಿತು, ಕಮಿಷನರೂ ಸಬಾರ್ಡಿನೇಟೇ. ಆದರೆ ಒಬ್ಬ ಮಂತ್ರಿಯೂ ಹೋಗಲಿಲ್ಲ. ಎರಡು ತಿಂಗಳೊಳಗೆ ಕಮಿಷನರ ಅಮಾನತೂ ರದ್ದಾಯಿತು. ಸತ್ತವರು ಸತ್ತೇ ಇದ್ದಾರೆ. ಬೆಳಿಗ್ಗೆ ಜರ್ಸಿ ಹಾಕಿಕೊಂಡು ಮನೆಯಿಂದ ಹೊರಟ ಮಕ್ಕಳು. ಇದರಲ್ಲಿ ಯಾವ ಸಂಧಿ ಹುಡುಕಲಿ ನಾನು?

ಬೈಯೋಣ ಅಂದರೆ ಯಾರನ್ನು ಬೈಯೋದು? ವೋಟು ಹಾಕಿದವರ ಕೈಕೆಳಗೆ ಅಂತ ಈ ಊರಿನಲ್ಲಿ ಇದ್ದವನು ಕಾರ್ಪೊರೇಟರ್ ಒಬ್ಬನೇ. ಬೆಳಿಗ್ಗೆ ಮನೆ ಮುಂದೆ ನಿಂತು ಕೂಗಿದರೆ ಪಂಚೆ ಕಟ್ಟಿಕೊಂಡು ಹೊರಗೆ ಬರುತ್ತಿದ್ದ. 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿಯಿತು. ಐದು ವರ್ಷ ಚುನಾವಣೆಯೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದರು, ಮೇಲೊಂದು ಪ್ರಾಧಿಕಾರ ಕೂರಿಸಿದರು, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಮೇಲೆ ಕೂರುವವರು ಜಾಸ್ತಿಯಾದರು. ನಾವು ಕೂಗಿ ಕರೆಯಬಹುದಾಗಿದ್ದ ಆ ಒಬ್ಬ ಸಬಾರ್ಡಿನೇಟನನ್ನು ಮಾತ್ರ ಕಿತ್ತುಕೊಂಡರು.

ಅಪ್ಪನ ಒತ್ತಿನ ಕತೆ ಬಾಕಿ ಉಳಿಯಿತು. ಹೋದ ವಾರ ದಾಖಲೆ ಬಂತು. ಒತ್ತು ಹಾಕಿದ್ದಾರೆ, ಆದರೆ ಕೊನೆಯ ಅಕ್ಷರಕ್ಕಲ್ಲ, ಮೊದಲನೆಯದಕ್ಕೆ. ಈಗ ಆ ಹೆಸರನ್ನು ಉಚ್ಚರಿಸಲು ನನ್ನಿಂದಂತೂ ಆಗುತ್ತಿಲ್ಲ. ಮತ್ತೆ ಮೇಲೆ ಹೋದೆ. ಅದೇ ಟವೆಲ್, ಈ ಸಲ ಒಗೆದಿತ್ತು. ‘ನಿಮ್ಮ ಸಬಾರ್ಡಿನೇಟ್ ಹೀಗೆ ಮಾಡಿದ್ದಾರೆ ಮೇಡಂ’ ಅಂತ ನಾನೇ ಆ ಪದ ಬಳಸಿಬಿಟ್ಟೆ. ನಾಲ್ಕು ತಿಂಗಳಲ್ಲಿ ನನಗೂ ಅಭ್ಯಾಸವಾಗಿತ್ತು.

ಮೇಡಂ ದಾಖಲೆ ತಿರುಗಿಸಿ ನೋಡಿದರು. ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಟೈಪು ಮಾಡುತ್ತಿದ್ದ ಹುಡುಗಿಯ ಕಡೆಗೆ ಒಮ್ಮೆ ನೋಡಿದರು.

‘ಅವಳು ಹೊರಗುತ್ತಿಗೆ ಸಾರ್. ನಮ್ಮ ಸಬಾರ್ಡಿನೇಟ್ ಅಲ್ಲ.’